ದುಡಿಯಲಾರದವರ ಅರ್ಜಿ: ಹಂದಿಗೋಡು ಕಾಯಿಲೆಯ ಕುಟುಂಬಗಳು ಮತ್ತು ವಿಕಲಚೇತನರ ಮಾಸಾಶನ

(ಸಾಗರ, ಹೊಸನಗರ ಮತ್ತು ತೀರ್ಥಹಳ್ಳಿ ತಾಲ್ಲೂಕುಗಳ ಗ್ರಾಮ ಪಂಚಾಯಿತಿ ಸದಸ್ಯರ ತರಬೇತಿಯಲ್ಲಿ ನೀಡಿದ ಉಪನ್ಯಾಸದ ಪಠ್ಯ)



ಸಾಗರ ತಾಲ್ಲೂಕಿನ ಹಂದಿಗೋಡು ಗ್ರಾಮದ ಹೆಸರು ವೈದ್ಯಶಾಸ್ತ್ರದ ಗ್ರಂಥಗಳನ್ನು ಸೇರಿ ಸುಮಾರು ಐದು ದಶಕಗಳಾಗಿವೆ. 1970ರ ದಶಕದ ಮಧ್ಯಭಾಗದಲ್ಲಿ ಆ ಗ್ರಾಮದ ಕೂಲಿಕಾರ ಕುಟುಂಬಗಳಲ್ಲಿ ಸೊಂಟದ ಹಾಗೂ ಮೊಣಕಾಲಿನ ಕೀಲುಗಳು ಸವೆದು, ದುಡಿಯುವ ವಯಸ್ಸಿನಲ್ಲೇ ಕೋಲು ಹಿಡಿದವರು ಹಲವರು ಕಂಡುಬಂದರು. ಹೈದರಾಬಾದಿನ ರಾಷ್ಟ್ರೀಯ ಪೋಷಣಾ ಸಂಸ್ಥೆಯ ತಜ್ಞರು ಬಂದು ಪರೀಕ್ಷಿಸಿ, ಇದನ್ನು ಮಲೆನಾಡಿನ ಕೌಟುಂಬಿಕ ಕೀಲುರೋಗವೆಂದು ವರ್ಣಿಸಿದರು. ಗದ್ದೆಗೆ ಸಿಂಪಡಿಸಿದ ಕೀಟನಾಶಕವೇ ಕಾರಣವಿರಬಹುದು, ಆ ಗದ್ದೆಯಲ್ಲಿ ಹಿಡಿದು ತಿಂದ ಏಡಿಯೇ ಕಾರಣವಿರಬಹುದು ಎಂಬ ಶಂಕೆ ಮೊದಲಲ್ಲಿ ಬಲವಾಗಿತ್ತು. ಇಂದಿಗೂ ಕೆಲವರು ಹಾಗೆಯೇ ನಂಬಿರುವುದುಂಟು. ಆದರೆ ಭಾರತೀಯ ವೈದ್ಯಕೀಯ ಸಂಶೋಧನಾ ಮಂಡಳಿಯ ಆಶ್ರಯದಲ್ಲಿ ನಡೆದ ಅಧ್ಯಯನಗಳು ಇದು ವಂಶಪಾರಂಪರ್ಯವಾಗಿ ಬರುವ ಮೂಳೆ ಬೆಳವಣಿಗೆಯ ದೋಷವೆಂದು ತೋರಿಸಿಕೊಟ್ಟವು. ತಂದೆ ಅಥವಾ ತಾಯಿ ಇಬ್ಬರಲ್ಲಿ ಒಬ್ಬರಿಗಿದ್ದರೂ ಸಾಕು, ಹುಟ್ಟುವ ಪ್ರತಿ ಮಗುವಿಗೂ ಬರುವ ಸಂಭವ ಅರ್ಧದಷ್ಟು. ಇದನ್ನು ಹೋಲುವ ಕೀಲುರೋಗವೊಂದು ದಕ್ಷಿಣ ಆಫ್ರಿಕಾದ ಎಂಸೆಲೆನಿ ಎಂಬ ಪ್ರದೇಶದಲ್ಲಿಯೂ ಇದ್ದು, ಎರಡೂ ಒಂದೇ ಇರಬಹುದೇ ಎಂದು ವಿಜ್ಞಾನಿಗಳು ಚರ್ಚಿಸಿದ್ದಾರೆ.

ಕಾಯಿಲೆ ಹಂದಿಗೋಡಿಗೆ ಸೀಮಿತವಾಗಿಲ್ಲ. ಶಿವಮೊಗ್ಗ ಹಾಗೂ ನೆರೆಯ ಚಿಕ್ಕಮಗಳೂರು ಜಿಲ್ಲೆಯ ಹಲವು ಗ್ರಾಮಗಳಲ್ಲಿ, ಮುಖ್ಯವಾಗಿ ಚನ್ನಂಗಿ ಮತ್ತು ಛಲವಾದಿ ಸಮುದಾಯಗಳ ಮನೆಗಳಲ್ಲಿ, ಇದು ಕಂಡುಬಂದಿದೆ. ಬಂಧುಬಳಗದೊಳಗೇ ನಡೆಯುವ ವಿವಾಹಸಂಬಂಧಗಳಿಂದಾಗಿ ಅದು ಕೆಲವೇ ಕುಲಗಳಲ್ಲಿ ಉಳಿದುಕೊಂಡಿದೆ. ಇದು ಒಬ್ಬರಿಂದ ಒಬ್ಬರಿಗೆ ಅಂಟುವ ರೋಗವಲ್ಲ. ಆದರೂ ಊರಿನ ಹೆಸರನ್ನು ಹೊತ್ತ ಕಾಯಿಲೆಯಿಂದಾಗಿ ಆ ಊರಿನ ಮಕ್ಕಳಿಗೆ ಹೆಣ್ಣು ಕೊಡಲು, ತರಲು ಹಿಂಜರಿಯುವವರಿದ್ದಾರೆ. ಅನೇಕ ಮನೆಯವರು ನೋವನ್ನು ಹೊರಗೆ ಹೇಳದಿರಲು ಇದೂ ಒಂದು ಕಾರಣ. ಅರ್ಜಿಯ ವಿಚಾರಕ್ಕೂ ಈ ಮೌನಕ್ಕೂ ನೇರ ಸಂಬಂಧವಿದೆ.

ನಲವತ್ತರ ಆಸುಪಾಸಿನ ಕೂಲಿಕಾರನೊಬ್ಬನನ್ನು ಕಲ್ಪಿಸಿಕೊಳ್ಳಬಹುದು. ನಾಟಿಯ ಗದ್ದೆಯಲ್ಲಿ ಬಗ್ಗಲಾರ, ಅಡಿಕೆ ಕೊನೆ ಹೊತ್ತು ತೋಟದ ಇಳಿಜಾರು ಹತ್ತಲಾರ. ಸುಗ್ಗಿಯ ಕಾಲದಲ್ಲಿ ಯಾರದೋ ಮನೆಯ ಜಗುಲಿಯಲ್ಲಿ ಕುಳಿತು ಅಡಿಕೆ ಸುಲಿದು ನಾಲ್ಕು ಕಾಸು ಕಾಣುತ್ತಾನೆ. ಉಳಿದ ತಿಂಗಳುಗಳಲ್ಲಿ ಮಡದಿಯ ಕೂಲಿಯೇ ಮನೆಗೆ ಆಧಾರ. ಇವನನ್ನು ಕಂಡ ಯಾವ ಸದಸ್ಯರಿಗೂ ಇವನು ದುಡಿಯಲಾರದವನೆಂದು ಬಿಡಿಸಿ ಹೇಳಬೇಕಾಗಿಲ್ಲ. ಆದರೆ ಮಾಸಾಶನದ ಯಾವ ನಮೂನೆಯಲ್ಲಿಯೂ ‘ದುಡಿಯಲಾರ’ ಎಂದು ಬರೆಯುವ ಅಂಕಣವಿಲ್ಲ. ಅಲ್ಲಿ ಕೇಳುವುದು ಶೇಕಡಾವಾರು ಅಂಕಿಯನ್ನು. ಅಂಕಿ 40ನ್ನು ಮುಟ್ಟಿದರೆ ಮಾತ್ರ ಬಾಗಿಲು ತೆರೆಯುತ್ತದೆ, 38 ಬಂದರೆ ಇಲ್ಲ. ಕಣ್ಣೆದುರಿನ ಅಸಹಾಯಕತೆಯನ್ನು ವೈದ್ಯಕೀಯ ಅಳತೆಯ ಭಾಷೆಗೆ ತರುವ ಈ ಹಂತದಲ್ಲಿಯೇ ಬಹಳಷ್ಟು ಅರ್ಜಿಗಳು ಸೋಲುತ್ತವೆ. ಸದಸ್ಯರ ನೆರವು ಎಲ್ಲಕ್ಕಿಂತ ಹೆಚ್ಚಾಗಿ ಬೇಕಿರುವುದೂ ಇಲ್ಲಿಯೇ.

2016ರ ವಿಕಲಚೇತನರ ಹಕ್ಕುಗಳ ಅಧಿನಿಯಮವು 2017ರ ಏಪ್ರಿಲ್ 19ರಂದು ಜಾರಿಗೆ ಬಂದಿತು. ಅದರ ಅನುಸೂಚಿಯಲ್ಲಿ 21 ಬಗೆಯ ವೈಕಲ್ಯಗಳಿವೆ. ಕುಸುಮರೋಗ, ಕುಡಗೋಲು ಕಣ ರಕ್ತಹೀನತೆ ಇತ್ಯಾದಿ ಕಾಯಿಲೆಗಳ ಹೆಸರುಗಳು ಅಲ್ಲಿ ನೇರವಾಗಿಯೇ ಇವೆ. ಹಂದಿಗೋಡು ಕಾಯಿಲೆಯ ಹೆಸರು ಇಲ್ಲ. ಇದನ್ನು ಕೇಳಿ ‘ನಮ್ಮ ಕಾಯಿಲೆ ಪಟ್ಟಿಯಲ್ಲೇ ಇಲ್ಲವಂತೆ’ ಎಂದು ಕೈಚೆಲ್ಲುವುದು ತಪ್ಪು. ಕಾಯಿಲೆ ಯಾವುದೇ ಇರಲಿ, ಅದರಿಂದ ನಡಿಗೆ ಕುಂಠಿತವಾಗಿದ್ದರೆ ಚಲನವಲನ ವೈಕಲ್ಯದ ಅಡಿಯಲ್ಲಿ ಅರ್ಜಿ ಸಲ್ಲಿಸಬಹುದು. ಈ ಕಾಯಿಲೆಯ ಒಂದು ಬಗೆಯಲ್ಲಿ ದೇಹದ ಎತ್ತರವೇ ಕುಂಠಿತವಾಗುತ್ತದೆ. ವಯಸ್ಕರ ಎತ್ತರ 147 ಸೆಂಟಿಮೀಟರ್, ಅಂದರೆ 4 ಅಡಿ 10 ಅಂಗುಲ ಅಥವಾ ಅದಕ್ಕಿಂತ ಕಡಿಮೆಯಿದ್ದು, ಅದಕ್ಕೆ ವೈದ್ಯಕೀಯ ಅಥವಾ ಆನುವಂಶಿಕ ಕಾರಣವಿದ್ದರೆ ಕಾನೂನಿನ ಪ್ರಕಾರ ಅದು ಕುಬ್ಜತೆ ಎಂಬ ಪ್ರತ್ಯೇಕ ವೈಕಲ್ಯ. ಇಂಥವರ ಎತ್ತರವನ್ನು ಅಳೆಸದೆ ಬರೀ ಕೀಲುನೋವೆಂದು ಬರೆಸಿಕೊಂಡು ಬರುವುದು ಕೈಗೆ ಬಂದದ್ದನ್ನು ಬಿಟ್ಟಂತೆ.

ಪ್ರಮಾಣಪತ್ರಕ್ಕೆ ಈಗ ಕಾಗದದ ಅರ್ಜಿಯಿಲ್ಲ. 2021ರ ಜೂನ್ 1ರಿಂದ ಎಲ್ಲವೂ ಕೇಂದ್ರ ಸರ್ಕಾರದ ಸ್ವಾವಲಂಬನ್ ಜಾಲತಾಣದ ಮೂಲಕವೇ ನಡೆಯತಕ್ಕದ್ದು. ಆಧಾರ್, ಭಾವಚಿತ್ರ, ವಿಳಾಸದ ದಾಖಲೆಗಳನ್ನು ಸಲ್ಲಿಸಿ ಆಸ್ಪತ್ರೆಯನ್ನು ಆಯ್ಕೆ ಮಾಡಿದ ಮೇಲೆ ನೋಂದಣಿ ಸಂಖ್ಯೆ ದೊರೆಯುತ್ತದೆ. ಈ ಸಂಖ್ಯೆಯನ್ನು ಮನೆಯವರು ಕಳೆದುಕೊಳ್ಳುವುದೇ ಹೆಚ್ಚು. ಪಂಚಾಯಿತಿಯ ಕಡತದಲ್ಲಿಯೂ ಒಂದು ಪ್ರತಿ ಇರಲಿ. 2024ರ ನಿಯಮ ತಿದ್ದುಪಡಿಯ ನಂತರ ಪ್ರಮಾಣಪತ್ರ ನೀಡುವ ಕಾಲಮಿತಿ ಮೂರು ತಿಂಗಳಾಗಿದೆ. ಅರ್ಜಿದಾರರು ತಪಾಸಣೆಗೆ ಹೋಗದೆ ಎರಡು ವರ್ಷ ಕಳೆದರೆ ಅರ್ಜಿ ತಾನಾಗಿಯೇ ರದ್ದಾಗುತ್ತದೆ. ಗ್ರಾಮೀಣ ಪುನರ್ವಸತಿ ಕಾರ್ಯಕರ್ತರು ಇರುವುದು ಇಂಥ ಕೆಲಸಕ್ಕಾಗಿಯೇ. ಅವರಿಂದ ಇತರ ಬರವಣಿಗೆಯ ಕೆಲಸಗಳನ್ನು ಮಾಡಿಸಿಕೊಳ್ಳುವ ರೂಢಿ ಕೆಲವು ಕಚೇರಿಗಳಲ್ಲಿದ್ದರೆ ಅದನ್ನು ನಿಲ್ಲಿಸುವುದು ಒಳಿತು.

ಇನ್ನು ತಪಾಸಣೆ. ಕೀಲಿನ ಚಲನೆ ಎಷ್ಟು ಉಳಿದಿದೆ, ಸ್ನಾಯುಗಳಿಗೆ ಎಷ್ಟು ಬಲವಿದೆ, ದೇಹಕ್ಕೆ ಎಷ್ಟು ಸ್ಥಿರತೆಯಿದೆ ಎಂಬುದನ್ನು ವೈದ್ಯರು ನೋಡುತ್ತಾರೆ. ಸಮತಟ್ಟಾದ ನೆಲದ ಮೇಲೆ ನಡೆಯುವುದು, ಇಳಿಜಾರಿನಲ್ಲಿ ನಡೆಯುವುದು, ಮೆಟ್ಟಿಲು ಹತ್ತುವುದು, ಒಂದೇ ಕಾಲಿನ ಮೇಲೆ ನಿಲ್ಲುವುದು, ಕುಕ್ಕರಗಾಲಿನಲ್ಲಿ ಕೂರುವುದು, ಮಂಡಿಯೂರುವುದು, ಚಕ್ಕಳಮಕ್ಕಳ ಹಾಕಿ ಕೂರುವುದು, ತಿರುಗುವುದು ಇವೆಲ್ಲಕ್ಕೂ ಅಲ್ಲಿ ಅಂಕಗಳಿವೆ. ಬರೀ ನೋವಿಗೆ ಸಿಗುವ ಅಂಕ ಅತ್ಯಲ್ಪ. ಆದ್ದರಿಂದ ‘ಬಹಳ ನೋವು’ ಎನ್ನುವುದಕ್ಕಿಂತ ‘ಕುಕ್ಕರಗಾಲಿನಲ್ಲಿ ಕೂತರೆ ಕೈ ಊರದೆ ಏಳಲಾರೆ’ ಎನ್ನುವ ಮಾತಿಗೆ ಬೆಲೆ ಹೆಚ್ಚು. ಮಲೆನಾಡಿನವರ ಸ್ವಭಾವ ಬೇರೆ. ವೈದ್ಯರು ‘ಹೇಗಿದ್ದೀರಿ’ ಎಂದರೆ ‘ಪರವಾಗಿಲ್ಲ ಡಾಕ್ಟ್ರೇ’ ಎಂಬುದೇ ಮೊದಲ ಉತ್ತರ. ಬಸ್ಸಿಳಿದು ಗೋಡೆ ಹಿಡಿದು ಬಂದವರೂ ವೈದ್ಯರ ಮುಂದೆ ಹಲ್ಲುಕಚ್ಚಿ ನೆಟ್ಟಗೆ ನಿಲ್ಲುತ್ತಾರೆ. ಇದ್ದದ್ದನ್ನು ಹೆಚ್ಚಿಸಿ ಹೇಳಲು ಯಾರಿಗೂ ಕಲಿಸಬೇಕಾಗಿಲ್ಲ, ಕಲಿಸಲೂಬಾರದು. ಇದ್ದದ್ದನ್ನು ಮುಚ್ಚಿಡದಂತೆ ಹೇಳಿ ಕಳುಹಿಸಿದರೆ ಸಾಕು. ಹಿಂದಿನ ಕ್ಷ-ಕಿರಣ ಚಿತ್ರಗಳು, ಚಿಕಿತ್ಸೆಯ ಚೀಟಿಗಳು, ಇದೇ ಕಾಯಿಲೆಯಿರುವ ತಂದೆ ತಾಯಿ ಅಥವಾ ಒಡಹುಟ್ಟಿದವರ ಪ್ರಮಾಣಪತ್ರದ ಪ್ರತಿ, ದಿನನಿತ್ಯದಲ್ಲಿ ಮಾಡಲಾಗದ ಕೆಲಸಗಳ ಬಗ್ಗೆ ಅರ್ಧ ಹಾಳೆಯ ಬರಹ ಇಷ್ಟು ಜೊತೆಗಿರಲಿ.

ಹೋಗಿಬರುವುದೇ ಒಂದು ಶಿಕ್ಷೆ. ತಾಲ್ಲೂಕಿನ ಆಸ್ಪತ್ರೆಯಲ್ಲಿ ಸಂಬಂಧಿಸಿದ ತಜ್ಞರಿಲ್ಲದ ದಿನ ಶಿವಮೊಗ್ಗದ ಮೆಗ್ಗಾನ್ ಆಸ್ಪತ್ರೆಗೆ ಹೋಗಬೇಕಾಗುತ್ತದೆ. ನಗರ ಹೋಬಳಿಯಿಂದಾಗಲಿ ಆಗುಂಬೆಯ ಕಡೆಯಿಂದಾಗಲಿ ಅದು ಇಡೀ ದಿನದ ಪ್ರಯಾಣ, ಜೊತೆಗೆ ಹೋದವರ ಕೂಲಿಯೂ ಹೋದಂತೆ. 2025ರ ಜುಲೈನಲ್ಲಿ ಅಂಬಾರಗೋಡ್ಲು–ಕಳಸವಳ್ಳಿ ಸೇತುವೆ ತೆರೆಯುವವರೆಗೆ ತುಮರಿ ಭಾಗದವರು ಸಾಗರಕ್ಕೆ ಬರಲು ಲಾಂಚನ್ನೇ ಕಾಯಬೇಕಿತ್ತು. ಸಾರಿಗೆ ನಿಗಮದ ರಿಯಾಯಿತಿ ಪಾಸು ದೊರೆಯುವುದು ಪ್ರಮಾಣಪತ್ರ ಬಂದ ಮೇಲೆ. ಪ್ರಮಾಣಪತ್ರ ತರಲು ಹೋಗುವಾಗ ಅದು ಒದಗುವುದಿಲ್ಲ. ಖಾಸಗಿ ಬಸ್ಸುಗಳೇ ಹೆಚ್ಚಿರುವ ಈ ಭಾಗದಲ್ಲಿ ಆ ಪಾಸಿನ ಉಪಯೋಗವೂ ಅಷ್ಟಕ್ಕಷ್ಟೆ. ಗ್ರಾಮ ಪಂಚಾಯಿತಿಗಳು ವಿಕಲಚೇತನರಿಗಾಗಿ ಮೀಸಲಿಡುವ ಶೇ. 5ರ ಅನುದಾನವಿದೆ. ವರ್ಷದ ಕೊನೆಯಲ್ಲಿ ತರಾತುರಿಯಿಂದ ಸಾಮಗ್ರಿ ಕೊಂಡು ಹಂಚುವ ಬದಲು, ಐದಾರು ಅರ್ಜಿದಾರರನ್ನು ಒಂದೇ ವಾಹನದಲ್ಲಿ ತಪಾಸಣೆಗೆ ಕರೆದೊಯ್ಯುವ ವೆಚ್ಚವನ್ನು ನಿಯಮಾನುಸಾರ ಅದರಿಂದ ಭರಿಸಲು ಸಾಧ್ಯವೇ ಎಂಬುದನ್ನು ಸಾಮಾಜಿಕ ನ್ಯಾಯ ಸಮಿತಿಯ ಸಭೆಯಲ್ಲಿ ಚರ್ಚಿಸಿ ಠರಾವು ಮಾಡಬಹುದು.

ಯುಡಿಐಡಿ ಕಾರ್ಡು ಮೂರು ಬಣ್ಣಗಳಲ್ಲಿ ಬರುತ್ತದೆ. 40ಕ್ಕಿಂತ ಕಡಿಮೆಯವರಿಗೆ ಬಿಳಿ, 40ರಿಂದ 80ರೊಳಗಿನವರಿಗೆ ಹಳದಿ, 80 ಮತ್ತು ಮೇಲ್ಪಟ್ಟವರಿಗೆ ನೀಲಿ. ಕಾರ್ಡು ಕೈಗೆ ಬಂದೊಡನೆ ಮಾಸಾಶನವೂ ಬರುತ್ತದೆಂದು ತಿಳಿದು ತಿಂಗಳುಗಟ್ಟಲೆ ಕಾಯುವ ಕುಟುಂಬಗಳಿವೆ. ಅದು ಬೇರೆ, ಇದು ಬೇರೆ. ಮಾಸಾಶನದ ಅರ್ಜಿಯನ್ನು ಕಂದಾಯ ಇಲಾಖೆಯ ನಾಡಕಚೇರಿಯಲ್ಲಿ ಪ್ರತ್ಯೇಕವಾಗಿ ಸಲ್ಲಿಸಬೇಕು. ರಾಜ್ಯದ ಯೋಜನೆಯಲ್ಲಿ ಶೇ. 40ರಿಂದ 75ರವರೆಗಿನ ವೈಕಲ್ಯಕ್ಕೆ ತಿಂಗಳಿಗೆ ₹800, ಅದಕ್ಕಿಂತ ಹೆಚ್ಚಿನದಕ್ಕೆ ₹1,400 ನಿಗದಿಯಾಗಿದೆ. 2009ರಲ್ಲಿ ಆರಂಭವಾದ ಕೇಂದ್ರದ ಇಂದಿರಾಗಾಂಧಿ ರಾಷ್ಟ್ರೀಯ ಅಂಗವಿಕಲ ಪಿಂಚಣಿ ಯೋಜನೆಯು ಬಡತನ ರೇಖೆಗಿಂತ ಕೆಳಗಿನ, ಶೇ. 80 ಮೀರಿದ ವೈಕಲ್ಯವುಳ್ಳವರಿಗೆ ಅನ್ವಯಿಸುತ್ತದೆ.

ಆದಾಯ ಮಿತಿಯ ವಿಚಾರದಲ್ಲಿ ಒಂದು ಮಾತು ಹೇಳಲೇಬೇಕು. ಮಿತಿಯಿರುವುದು ಕುಟುಂಬಕ್ಕೆ ವರ್ಷಕ್ಕೆ ₹32,000. ದಿನಕ್ಕೆ ಲೆಕ್ಕ ಹಾಕಿದರೆ ₹88ಕ್ಕೂ ಕಡಿಮೆ. ಮನೆಯಲ್ಲಿ ಒಬ್ಬರು ಕೂಲಿಗೆ ಹೋದರೂ ಈ ಗೆರೆ ದಾಟಿಹೋಗುವ ಸಂಭವವಿದೆ. ಮಿತಿಯನ್ನು ಬದಲಿಸುವುದು ಪಂಚಾಯಿತಿಯ ಕೈಯಲ್ಲಿಲ್ಲ. ಆದರೆ ಮಳೆಗಾಲದಲ್ಲಿ ಕೂಲಿಯೇ ಇಲ್ಲದ ದಿನಗಳನ್ನೂ ದುಡಿದ ದಿನಗಳೆಂದು ಲೆಕ್ಕ ಹಿಡಿದು ಆದಾಯ ಪ್ರಮಾಣಪತ್ರ ಬಂದಿದ್ದರೆ, ಗ್ರಾಮ ಆಡಳಿತ ಅಧಿಕಾರಿಗಳ ಸ್ಥಳ ಪರಿಶೀಲನೆಯ ವೇಳೆ ವಾರ್ಡಿನ ಸದಸ್ಯರು ಮನೆಯ ನಿಜಸ್ಥಿತಿಯನ್ನು ತಿಳಿಸಬಹುದು. ಪ್ರತ್ಯೇಕವಾಗಿ ಬಾಳುತ್ತಿರುವ ಮಗನ ಸಂಪಾದನೆಯನ್ನು ಹಳೆಯ ಪಡಿತರ ಚೀಟಿಯ ಆಧಾರದ ಮೇಲೆ ಸೇರಿಸಲಾಗಿದೆಯೇ ಎಂಬುದನ್ನೂ ನೋಡತಕ್ಕದ್ದು. ನಾಡಕಚೇರಿಯಲ್ಲಿ ಸಕಾಲ ಸ್ವೀಕೃತಿ ಸಂಖ್ಯೆಯನ್ನು ಕೇಳಿ ಪಡೆಯಬೇಕು. ಅದಿಲ್ಲದೆ ವಿಳಂಬವನ್ನು ಪ್ರಶ್ನಿಸುವುದು ಕಷ್ಟ. ಆಧಾರ್‌ನಲ್ಲೊಂದು, ಬ್ಯಾಂಕ್ ಪುಸ್ತಕದಲ್ಲೊಂದು, ಕಾರ್ಡಿನಲ್ಲೊಂದು ಹೆಸರಿದ್ದರೆ ಮಂಜೂರಾದ ಹಣವೂ ಖಾತೆಗೆ ತಲುಪದಿರಬಹುದು.

ಶೇಕಡಾವಾರು ಕಡಿಮೆ ಬಂದಿದೆಯೆಂದು ತೋರಿದರೆ ಅಧಿನಿಯಮದ 59ನೆಯ ಪ್ರಕರಣದಂತೆ ಮೇಲ್ಮನವಿಗೆ ಅವಕಾಶವಿದೆ. ಅದಕ್ಕೆ ಗಡುವಿರುವುದರಿಂದ ಪ್ರಮಾಣಪತ್ರ ಬಂದ ವಾರದಲ್ಲೇ ಓದಿ ನೋಡುವುದು ಕ್ಷೇಮ. ಹಂದಿಗೋಡು ಕಾಯಿಲೆ ವರ್ಷದಿಂದ ವರ್ಷಕ್ಕೆ ಏರುತ್ತ ಹೋಗುವಂಥದ್ದು. ಐದು ವರ್ಷದ ಹಿಂದೆ ಬಿಳಿ ಕಾರ್ಡು ಪಡೆದು ಮನೆಗೆ ಮರಳಿದವರು ಇಂದು ಹಳದಿಗೆ ಅರ್ಹರಾಗಿರಬಹುದು. ‘ಒಮ್ಮೆ ತಿರಸ್ಕೃತ’ ಎಂದು ಅವರನ್ನು ಪಟ್ಟಿಯಿಂದ ಬಿಡುವುದು ನ್ಯಾಯವಲ್ಲ. ಕೆಲವರಿಗೆ ಪ್ರಮಾಣಪತ್ರವು ತಾತ್ಕಾಲಿಕವೆಂದು ನಮೂದಾಗಿರುತ್ತದೆ. ಅದರ ಅವಧಿ ಮುಗಿದರೆ ಮಾಸಾಶನಕ್ಕೂ ತೊಡಕಾಗಬಹುದು. ಮುಂಗಾರಿನಲ್ಲಿ ಧರೆ ಕುಸಿದು, ಮರ ಬಿದ್ದು ದಾರಿ ಮುಚ್ಚುವ ಊರುಗಳಲ್ಲಿ ಮರುತಪಾಸಣೆಗೆ ಹೊರಡುವುದು ಆಗದ ಮಾತು. ಆದುದರಿಂದ ಜೂನ್‌ನಿಂದ ಸೆಪ್ಟೆಂಬರ್‌ವರೆಗೆ ಅವಧಿ ಮುಗಿಯಲಿರುವ ಪ್ರಮಾಣಪತ್ರಗಳ ಪಟ್ಟಿಯನ್ನು ಪ್ರತಿ ವರ್ಷ ಏಪ್ರಿಲ್ ತಿಂಗಳ ಸಾಮಾನ್ಯ ಸಭೆಯಲ್ಲಿ ಮಂಡಿಸಿ, ಮೇ ಮುಗಿಯುವುದರೊಳಗೆ ಆ ಹೆಸರುಗಳಿಗೆಲ್ಲ ಆಸ್ಪತ್ರೆಯ ದಿನಾಂಕ ಗೊತ್ತುಪಡಿಸಿಕೊಳ್ಳತಕ್ಕದ್ದು.