ಲೆಕ್ಕ ಬರೆಯುವವರ ಧರ್ಮ

(ಮದ್ದೂರಿನಲ್ಲಿ ರೈತ ಕಾರ್ಯಕರ್ತರ ಶಿಬಿರದಲ್ಲಿ ಮಾಡಿದ ಭಾಷಣ)



ಅಂಕಿ-ಅಂಶವೆಂದರೆ ಕಚೇರಿಯವರ ಬಾಬತ್ತು, ನಮಗೇಕೆ ಎನ್ನುವವರುಂಟು. ಆದರೆ ಬೆಳೆ ಕೈಕೊಟ್ಟ ವರ್ಷ ನಮಗೆ ವಿಮೆ ಹಣ ಬರುವುದೂ ಬಾರದಿರುವುದೂ ಒಂದು ಅಂಕಿಯ ಮೇಲೆ ನಿಂತಿದೆ.

2016ರಲ್ಲಿ ಬಂದ ಫಸಲ್ ಬಿಮಾ ಯೋಜನೆಯಲ್ಲಿ ಎಲ್ಲರ ಗದ್ದೆಯನ್ನೂ ಅಳೆಯುವುದಿಲ್ಲ. ಮುಖ್ಯ ಬೆಳೆಗೆ ಒಂದು ಗ್ರಾಮ ಪಂಚಾಯಿತಿಯಲ್ಲಿ ಕನಿಷ್ಠ ನಾಲ್ಕು ಕಡೆ ಬೆಳೆ ಕಟಾವು ಪ್ರಯೋಗ ನಡೆಯಬೇಕು. ಭತ್ತವಾದರೆ 5 ಮೀಟರ್ ಉದ್ದ, 5 ಮೀಟರ್ ಅಗಲದ ತುಂಡನ್ನು ಕೊಯ್ದು, ಬಡಿದು, ತೂಗುತ್ತಾರೆ. ಹಿಂದಿನ ವರ್ಷಗಳಿಂದ ಗೊತ್ತುಮಾಡಿದ ಇಳುವರಿಗಿಂತ ಅವುಗಳ ಸರಾಸರಿ ಎಷ್ಟು ಕಡಿಮೆ ಎಂಬುದರ ಮೇಲೆ ಪರಿಹಾರ ಬಹುಮಟ್ಟಿಗೆ ನಿಂತಿದೆ.

ಈಗ ಲೆಕ್ಕ ಹಾಕಿ. ಆ ತುಂಡು 25 ಚದರ ಮೀಟರು. ಎಕರೆಗೆ 4,047 ಚದರ ಮೀಟರು. ಒಂದು ಕಡೆ ಒಂದು ಕೆ.ಜಿ. ಹೆಚ್ಚು ಬರೆದರೆ ಎಕರೆಗೆ ಸುಮಾರು 160 ಕೆ.ಜಿ. ಹೆಚ್ಚಿದಂತೆ, ನಾಲ್ಕರ ಸರಾಸರಿ ತೆಗೆದರೂ 40 ಕೆ.ಜಿ. ಅದರ ನಷ್ಟ ಇಡೀ ಪಂಚಾಯಿತಿಯ ವಿಮೆದಾರ ರೈತರಿಗೆ.

ತೂಕ ಸರಿಯಿದ್ದರೆ ಸಾಲದು, ಜಾಗವೂ ಸರಿಯಿರಬೇಕು. ಸರ್ವೆ ನಂಬರನ್ನು ಚೀಟಿ ಎತ್ತಿದ ಹಾಗೆ ಮೊದಲೇ ಆರಿಸಿರುತ್ತಾರೆ. ವಿಶ್ವೇಶ್ವರಯ್ಯ ನಾಲೆಯ ಕೊನೆ ಭಾಗದ ಮದ್ದೂರು, ಮಳವಳ್ಳಿ ರೈತರ ನೀರಿನ ಕಷ್ಟ ಮಂಡ್ಯ ಜಿಲ್ಲೆಗೆಲ್ಲ ಗೊತ್ತು. ಆರಿಸಿದ ಒಣಗದ್ದೆ ದೂರವೆಂದು ರಸ್ತೆ ಬದಿಯ ಹಸನಾದ ಗದ್ದೆ ಕೊಯ್ದರೆ, ತಕ್ಕಡಿ ನಿಜ ಹೇಳಿದರೂ ವರದಿ ಸುಳ್ಳು.

ಲೆಕ್ಕಕ್ಕೆ ಒತ್ತಡ ಮೇಲಿನಿಂದಲೂ ಬರುತ್ತದೆ. 2019ರ ಜನವರಿಯಲ್ಲಿ ರಾಷ್ಟ್ರೀಯ ಸಾಂಖ್ಯಿಕ ಆಯೋಗದ ಹಂಗಾಮಿ ಅಧ್ಯಕ್ಷ ಪಿ.ಸಿ. ಮೋಹನನ್, ಸದಸ್ಯೆ ಜೆ.ವಿ. ಮೀನಾಕ್ಷಿ ರಾಜೀನಾಮೆಯಿತ್ತರು. ಆಯೋಗ ಒಪ್ಪಿದ ಉದ್ಯೋಗ ಸಮೀಕ್ಷೆಯನ್ನು ಸರ್ಕಾರ ತಡೆಹಿಡಿದದ್ದು ಒಂದು ಕಾರಣ. ನಿರುದ್ಯೋಗ ಶೇ. 6.1 ಎಂದ ಆ ವರದಿ ಹೊರಬಂದದ್ದು ಲೋಕಸಭಾ ಚುನಾವಣೆ ಮುಗಿದ ಮೇಲೆ, ಮೇ ಕೊನೆಗೆ. ಸಂಸಾರ ಸಾಕುವ ಸಣ್ಣ ನೌಕರ ಹಾಗೆ ಕೆಲಸ ಬಿಡಲಾರ. ಅವನು ನಿಜ ಬರೆಯಬೇಕಾದರೆ ಊರು ಅವನ ಬೆನ್ನಿಗಿರಬೇಕು.

ಹಾಗೆಂದು ನಮಗೆ ಬೇಕಾದ ಅಂಕಿ ಬರೆಸಲು ನಾವೂ ಹೋಗಕೂಡದು. ಇಂದು ಕಡಿಮೆ ಬರೆಸಿದ ಇಳುವರಿ ಮುಂದಿನ ವರ್ಷಗಳ ಮಟ್ಟವನ್ನೂ ತಗ್ಗಿಸಬಹುದು; ಆಮೇಲೆ ನಿಜವಾದ ಬರ ಬಂದಾಗ ನಮ್ಮ ಮಾತನ್ನು ನಂಬುವವರು ಯಾರು?

ಆದ್ದರಿಂದ ಕಟಾವಿನ ದಿನ, ಸರ್ವೆ ನಂಬರು ಮೊದಲೇ ಕೇಳಿ ತಿಳಿಯಿರಿ. ಗದ್ದೆಯ ಬಳಿ ನಾಲ್ಕು ಜನ ನಿಲ್ಲಿ. ತೂಕವನ್ನು ನೀವೂ ಬರೆದಿಟ್ಟುಕೊಂಡು, ಗ್ರಾಮ ಸಭೆಯಲ್ಲಿ ಓದಿ ಹೇಳಿ.