ಬರೆದವನೇ ಅಚ್ಚು ಹಾಕಿಸಿದ ಚಿತ್ರಪುಸ್ತಕ

(ಶಾಲೆಯ ಶತಮಾನೋತ್ಸವದ ಅಂಗವಾಗಿ ಏರ್ಪಟ್ಟಿದ್ದ ಮಕ್ಕಳ ಪುಸ್ತಕ ಗೋಷ್ಠಿಯಲ್ಲಿ ಮುಖ್ಯೋಪಾಧ್ಯಾಯಿನಿಯವರು ಮಾಡಿದ ಭಾಷಣ)



ಶತಮಾನೋತ್ಸವದ ಗೋಷ್ಠಿಗಳಿಗೆ ವಿಷಯಗಳನ್ನು ಗೊತ್ತುಮಾಡುವಾಗ ‘ಚಿತ್ರಕಥೆಯ ಪುಸ್ತಕ’ ಎಂಬುದನ್ನೂ ನಾವು ಸೇರಿಸಿದೆವು. ಕೆಲವು ಹಿರಿಯರಿಗೆ ಇದು ಸರಿಬರಲಿಲ್ಲ. ನೂರು ವರ್ಷ ತುಂಬಿದ ವಿದ್ಯಾಸಂಸ್ಥೆಯಲ್ಲಿ ವಚನ, ದಾಸಸಾಹಿತ್ಯ, ವ್ಯಾಕರಣಗಳ ಸಾಲಿಗೆ ಕಾಮಿಕ್ಸ್ ಬಂದು ಕೂಡುವುದೇ ಎಂಬುದು ಅವರ ಪ್ರಶ್ನೆ. ಪ್ರಶ್ನೆ ಗೌರವಕ್ಕೆ ಅರ್ಹವಾದುದು. ಅದಕ್ಕೆ ಉತ್ತರ ಕೊಡುವುದಕ್ಕಾಗಿಯೇ ಇಂದು ನಾವು ನಿಮ್ಮ ಮುಂದೆ ನಿಂತಿದ್ದೇವೆ.

ಮೊದಲಿಗೆ ನಮ್ಮ ಮಕ್ಕಳು ಎಲ್ಲಿ ನಿಂತಿದ್ದಾರೆ ಎಂಬುದನ್ನು ನೋಡೋಣ. 1956ರಲ್ಲಿ ರಾಜ್ಯಗಳ ಪುನರ್ವಿಂಗಡಣೆಯಾದಾಗ ರಾಯಚೂರು ಜಿಲ್ಲೆ ಮೈಸೂರು ರಾಜ್ಯಕ್ಕೆ ಸೇರಿತು. ಅದರ ಗದ್ವಾಲ ಮತ್ತು ಆಲಂಪುರ ತಾಲೂಕುಗಳು ಆಂಧ್ರಪ್ರದೇಶಕ್ಕೆ ಹೋದವು. 2014ರಲ್ಲಿ ತೆಲಂಗಾಣ ರಾಜ್ಯವಾಯಿತು. 2016ರಲ್ಲಿ ಗದ್ವಾಲ, 2019ರಲ್ಲಿ ನಾರಾಯಣಪೇಟೆ ಜಿಲ್ಲಾ ಕೇಂದ್ರಗಳಾದವು. ಗಡಿಗಳು ಇಷ್ಟು ಬಾರಿ ಬದಲಾದರೂ ಗಡಿಯ ಮನೆಗಳೊಳಗಿನ ಕನ್ನಡ ಬದಲಾಗಲಿಲ್ಲ. ಮಗು ಮನೆಯಲ್ಲಿ ಕನ್ನಡ ಆಡುತ್ತದೆ. ಸಂತೆಯಲ್ಲಿ ತೆಲುಗು ಆಡುತ್ತದೆ. ಬಸ್‌ಸ್ಟ್ಯಾಂಡಿನಲ್ಲಿ ದಖನಿ ಉರ್ದುವೂ ಅದರ ಕಿವಿಗೆ ಬೀಳುತ್ತದೆ. ಇದು ಸಂಪತ್ತೇ ಹೊರತು ಕೊರತೆಯಲ್ಲ. ಕೊರತೆ ಇರುವುದು ಬೇರೆ ಕಡೆ. ಪಠ್ಯಪುಸ್ತಕವನ್ನು ಬಿಟ್ಟರೆ ಇನ್ನೊಂದು ಕನ್ನಡ ಪುಸ್ತಕ ಮಗುವಿನ ಕೈಗೆ ಬರಬೇಕಾದರೆ ಅದು ಕೃಷ್ಣೆಯನ್ನು ದಾಟಿ ರಾಯಚೂರಿನಿಂದಲೇ ಬರಬೇಕು. ಓದಿದ ಭಾಷೆಯಲ್ಲಿ ನಲಿಯುವುದಕ್ಕೆ ಏನೂ ಇಲ್ಲದಿದ್ದರೆ ಆ ಭಾಷೆ ಪರೀಕ್ಷೆಯ ವಿಷಯವಾಗಿ ಉಳಿಯುತ್ತದೆ. ಪರೀಕ್ಷೆ ಮುಗಿದ ದಿನ ಅದೂ ಮುಗಿಯುತ್ತದೆ.

ಆದುದರಿಂದ ಯಾರೂ ಪಾಠವಾಗಿ ನಿಗದಿ ಮಾಡದ, ಮಗು ತಾನಾಗಿ ಕೈಗೆತ್ತಿಕೊಳ್ಳುವ ಪುಸ್ತಕ ಬೇಕು. ಚಿತ್ರಕಥೆ ಅಂಥ ಪುಸ್ತಕ. ಅದರಲ್ಲಿ ಚಿತ್ರವು ಮಾತಿಗೆ ಹಚ್ಚಿದ ಅಲಂಕಾರವಲ್ಲ, ಮಾತು ಚಿತ್ರಕ್ಕೆ ಬರೆದ ವಿವರಣೆಯೂ ಅಲ್ಲ. ನಮ್ಮ ಗದ್ವಾಲದ ಸೀರೆಯನ್ನು ನೆನೆಯಿರಿ. ಅದರ ಒಡಲು ಹತ್ತಿಯದು, ಅಂಚು ಮತ್ತು ಸೆರಗು ರೇಷ್ಮೆಯವು. ಎರಡನ್ನೂ ಬೇರೆ ಬೇರೆ ನೇಯ್ದು ಸೂಜಿಯಿಂದ ಹೊಲಿಯುವುದಿಲ್ಲ. ಮಗ್ಗದ ಮೇಲೆಯೇ ಎಳೆಗೆ ಎಳೆ ಕೊಕ್ಕೆ ಹಾಕಿ ಕೂಡಿಸುತ್ತಾರೆ. ಒಳ್ಳೆಯ ಚಿತ್ರಕಥೆಯಲ್ಲಿ ಗೆರೆಗೂ ಮಾತಿಗೂ ಇರುವ ನಂಟು ಅಂಥದು.

ಈ ಪ್ರಕಾರವನ್ನು ಹುಟ್ಟುಹಾಕಿದವರಲ್ಲಿ ಮೊದಲಿಗನೆಂದು ಅನೇಕ ವಿದ್ವಾಂಸರು ಎಣಿಸುವ ವ್ಯಕ್ತಿ ಒಬ್ಬ ಶಾಲಾ ಮಾಸ್ತರನೆಂಬುದು ನಮಗೆಲ್ಲ ಅಭಿಮಾನದ ಸಂಗತಿ. ಆತನ ಹೆಸರು ರೊಡಾಲ್ಫ್ ಟಾಪ್ಫೆರ್. ಊರು ಸ್ವಿಟ್ಜರ್ಲೆಂಡಿನ ಜಿನೀವಾ. 1799ರಲ್ಲಿ ಚಿತ್ರಕಾರನೊಬ್ಬನ ಮಗನಾಗಿ ಹುಟ್ಟಿದ ಆತನಿಗೆ ಕಣ್ಣಿನ ದೋಷದಿಂದಾಗಿ ತಂದೆಯ ವೃತ್ತಿ ಕೈಗೂಡಲಿಲ್ಲ. ಹುಡುಗರಿಗಾಗಿ ವಸತಿಶಾಲೆ ತೆರೆದ. ಸಂಜೆಯ ಹೊತ್ತು ವಿದ್ಯಾರ್ಥಿಗಳನ್ನು ನಗಿಸಲು ಗೆರೆಗಳಲ್ಲಿ ಕಥೆ ಬಿಡಿಸತೊಡಗಿದ. ಮಹಾಕವಿ ಗಯಟೆ ತನ್ನ ಮುಪ್ಪಿನ ಕಾಲದಲ್ಲಿ ಆ ಹಸ್ತಪ್ರತಿಗಳನ್ನು ತರಿಸಿಕೊಂಡು ನೋಡಿ ಮೆಚ್ಚಿದ. ಆ ಮೆಚ್ಚುಗೆಯಿಂದ ಧೈರ್ಯಗೊಂಡ ಮಾಸ್ತರ ತನ್ನ ‘ಮಸಿಯೆ ಜಾಬೊ’ ಎಂಬ ಕಥೆಯನ್ನು 1833ರಲ್ಲಿ ತಾನೇ ಅಚ್ಚು ಮಾಡಿಸಿದ. ವಿಶೇಷವಾಗಿ ಸಿದ್ಧಪಡಿಸಿದ ಕಾಗದದ ಮೇಲೆ ಜಿಡ್ಡಿನ ಮಸಿಯಿಂದ ಬರೆದು, ಅದನ್ನು ಕಲ್ಲಿನ ಮೇಲೆ ಒತ್ತಿ, ಕಲ್ಲಿನಿಂದ ಪ್ರತಿ ತೆಗೆಯುವ ವಿಧಾನವನ್ನು ಆತ ಆರಿಸಿಕೊಂಡ. ಅಕ್ಷರಗಳನ್ನು ಕನ್ನಡಿಯಲ್ಲಿ ಕಂಡಂತೆ ತಿರುಗಾ ಮುರುಗಾ ಬರೆಯುವ ಕಷ್ಟ ಇದರಿಂದ ತಪ್ಪಿತು. ಕೆತ್ತನೆಗಾರನ ಹಂಗೂ ತಪ್ಪಿತು. ಆತನ ಕೈಬರಹವೇ ಪುಸ್ತಕದ ಅಕ್ಷರವಾಯಿತು. ಮುಂದೆ ಪ್ಯಾರಿಸಿನ ಪ್ರಕಾಶಕರು ಅನುಮತಿ ಪಡೆಯದೆ ಅವನ್ನು ನಕಲು ಮಾಡಿ ಮಾರಿದರು. ಪುಸ್ತಕಕ್ಕೆ ಬೇಡಿಕೆಯುಂಟೆಂದು ಲೋಕಕ್ಕೆ ತಿಳಿದದ್ದು ಮಾಸ್ತರ ಕೈಯಿಂದ ಹಣ ಹಾಕಿದ ಮೇಲೆ, ಅದಕ್ಕೆ ಮೊದಲಲ್ಲ.

ನಮ್ಮ ನಾಡಿಗೆ ಬರೋಣ. 1934ರಲ್ಲಿ ರಾಯಚೂರಿನಲ್ಲಿ ಕನ್ನಡ ಸಾಹಿತ್ಯ ಸಮ್ಮೇಳನ ನಡೆದಾಗ ಅಧ್ಯಕ್ಷಪೀಠದಲ್ಲಿ ಇದ್ದವರು ಪಂಜೆ ಮಂಗೇಶರಾಯರು. ಆಗ ಗದ್ವಾಲ ಸಂಸ್ಥಾನವೂ ರಾಯಚೂರು ಜಿಲ್ಲೆಯೊಳಗೇ ಇತ್ತು. ಪಂಜೆಯವರು ಅಧ್ಯಾಪಕರು, ಶಾಲಾ ಇನ್ಸ್‌ಪೆಕ್ಟರರಾಗಿದ್ದವರು. ಮಕ್ಕಳಿಗೆ ಪುಸ್ತಕಗಳಿಲ್ಲವೆಂದು ಕೊರಗುತ್ತ ಕೂಡದೆ ಮಂಗಳೂರಿನಲ್ಲಿ ಬಾಲಸಾಹಿತ್ಯ ಮಂಡಲವನ್ನು ಕಟ್ಟಿ ಪುಸ್ತಕಗಳನ್ನು ಹೊರತಂದವರು. ಮಕ್ಕಳಿಗಾಗಿ ಬರೆದವರನ್ನು ಸಾಹಿತ್ಯದ ಪೀಠದಲ್ಲಿ ಕೂಡಿಸಿ ಗೌರವಿಸಿದ ನೆಲ ನಮ್ಮ ನೆರೆಯದು.

ಎಂಟು ವರ್ಷಗಳ ತರುವಾಯ, 1942ರಲ್ಲಿ, ಬೆಂಗಳೂರಿನ ವೈದ್ಯ ಡಾ. ಎಂ. ಶಿವರಾಂ ಅವರು ‘ಕೊರವಂಜಿ’ ಎಂಬ ಹಾಸ್ಯ ಮಾಸಪತ್ರಿಕೆಯನ್ನು ಆರಂಭಿಸಿದರು. ‘ರಾಶಿ’ ಎಂಬುದು ಅವರ ಕಾವ್ಯನಾಮ. ಯುದ್ಧದ ಕಾಲ, ಕಾಗದ ತುಟ್ಟಿ. ಹಗಲು ರೋಗಿಗಳನ್ನು ನೋಡುವವರು ನಗೆಯ ಪತ್ರಿಕೆಯೊಂದನ್ನು 25 ವರ್ಷ, 1967ರವರೆಗೆ, ನಡೆಸಿದರು. ಟಿ. ಸುನಂದಮ್ಮನವರಂಥ ಹಾಸ್ಯಲೇಖಕಿಯನ್ನು ಕನ್ನಡಿಗರು ಕಂಡದ್ದು ಆ ಪುಟಗಳಲ್ಲಿ. ಮೈಸೂರಿನ ಯುವಕ ಆರ್. ಕೆ. ಲಕ್ಷ್ಮಣ್ ಅವರ ಗೆರೆಗಳೂ ಅಲ್ಲಿ ಪ್ರಕಟವಾದವು. ಮುಂಬಯಿಯ ಕಲಾಶಾಲೆ ಪ್ರವೇಶ ನಿರಾಕರಿಸಿದ ಯುವಕನ ಚಿತ್ರಗಳಿಗೆ ಕನ್ನಡದ ಸಣ್ಣ ಪತ್ರಿಕೆಯೊಂದು ಜಾಗ ಕೊಟ್ಟಿತು. ಆತನ ‘ಶ್ರೀಸಾಮಾನ್ಯ’ ಮುಂದೆ ದೇಶಕ್ಕೆಲ್ಲ ಪರಿಚಿತನಾದ.

ಚಿತ್ರಕಥೆಯ ಪುಸ್ತಕಗಳ ವಿಷಯದಲ್ಲಿಯೂ ಕನ್ನಡದ ಪಾಲು ದೊಡ್ಡದು. ‘ಅಮರ ಚಿತ್ರಕಥೆ’ಯ ಅನಂತ ಪೈ ಅವರು ಕಾರ್ಕಳದಲ್ಲಿ ಹುಟ್ಟಿದವರು. ದೂರದರ್ಶನದ ರಸಪ್ರಶ್ನೆಯೊಂದರಲ್ಲಿ ದೆಹಲಿಯ ಮಕ್ಕಳು ಗ್ರೀಕ್ ದೇವತೆಗಳ ಬಗ್ಗೆ ಥಟ್ಟನೆ ಉತ್ತರ ಹೇಳಿ, ರಾಮನ ತಾಯಿಯ ಹೆಸರು ಕೇಳಿದಾಗ ಸುಮ್ಮನಾದದ್ದನ್ನು ಕಂಡು 1967ರಲ್ಲಿ ಈ ಮಾಲೆಗೆ ಕೈಹಾಕಿದುದಾಗಿ ಅವರೇ ಹೇಳಿಕೊಂಡಿದ್ದಾರೆ. ಆದರೆ ಅವರ ‘ಕೃಷ್ಣ’ ಪುಸ್ತಕಕ್ಕೆ ಬಿದ್ದ ಸಂಖ್ಯೆ 11. ಅದಕ್ಕಿಂತ ಮೊದಲಿನ ಹತ್ತು, ವಿದೇಶಿ ಕಿನ್ನರಕಥೆಗಳು. ಅವು 1965ರಲ್ಲಿ ಮೊದಲಿಗೆ ಕನ್ನಡದಲ್ಲಿಯೇ ಬಂದವೆಂದೂ, ಕನ್ನಡದ ಓದುಗರು ಕೊಂಡುಕೊಂಡದ್ದರಿಂದಲೇ ಮುಂದಿನ ಯೋಜನೆಗೆ ಬಲ ಬಂದಿತೆಂದೂ ಬೆಂಗಳೂರಿನ ಪುಸ್ತಕೋದ್ಯಮಿ ಜಿ. ಕೆ. ಅನಂತರಾಮ್ ಅವರ ಹೇಳಿಕೆ. ಪುಸ್ತಕ ಹೊರಬಂದ ಮೇಲೆ ಪೈ ಅವರು ಸುಮ್ಮನೆ ಕೂಡಲಿಲ್ಲ. ಶಾಲೆಗಳ ಬಾಗಿಲು ತಟ್ಟಿದರು. 1978ರಲ್ಲಿ ಶಾಲಾ ಶಿಕ್ಷಣದಲ್ಲಿ ಚಿತ್ರಕಥೆಯ ಪಾತ್ರವನ್ನು ಕುರಿತು ದೆಹಲಿಯಲ್ಲಿ ವಿಚಾರಗೋಷ್ಠಿಯನ್ನೇ ನಡೆಸಿದರು. ಪುಸ್ತಕ ಮಾಡುವುದು ಅರ್ಧ ಕೆಲಸ, ಅದನ್ನು ಓದುಗನ ಕೈಗೆ ಮುಟ್ಟಿಸುವುದು ಉಳಿದರ್ಧ ಎಂದು ಅವರು ಬಲ್ಲವರಾಗಿದ್ದರು.

ಇಂದಿನ ಕಾಲಕ್ಕೆ ಕುಂದಾಪುರದ ವ್ಯಂಗ್ಯಚಿತ್ರಕಾರ ಸತೀಶ್ ಆಚಾರ್ಯ ಅವರ ಉದಾಹರಣೆ ಸಾಕು. ಮುಂಬಯಿಯ ಪತ್ರಿಕೆಯಲ್ಲಿ ದುಡಿದು, ಬಳಿಕ ಸ್ವತಂತ್ರ ವ್ಯಂಗ್ಯಚಿತ್ರಕಾರರಾಗಿ ತಮ್ಮ ಊರಿನಲ್ಲಿ ಕುಳಿತೇ ಚಿತ್ರ ಬರೆಯುತ್ತಾರೆ. ಚಿತ್ರಗಳನ್ನು ಪುಸ್ತಕಗಳಾಗಿಯೂ ತಂದಿದ್ದಾರೆ. ಕುಂದಾಪುರದಲ್ಲಿ ಕಾರ್ಟೂನು ಹಬ್ಬ ನಡೆಸಿ ಮಕ್ಕಳ ಕೈಗೆ ಪೆನ್ಸಿಲ್ ಕೊಡುತ್ತಾರೆ. ಗೆರೆಯ ಕಸುಬಿಗೆ ಮಹಾನಗರವೇ ಬೇಕೆಂಬ ಮಾತು ಈಗ ನಿಲ್ಲುವುದಿಲ್ಲ. ಕುಂದಾಪುರದಲ್ಲಿ ಆಗುವುದು ಮಕ್ತಲದಲ್ಲಿ ಆಗಬಾರದೆಂದು ಯಾವ ಶಾಸ್ತ್ರವೂ ಹೇಳಿಲ್ಲ.

ಹಾಗಿದ್ದರೂ ನಮ್ಮ ಭಾಗದ ಬದುಕನ್ನು ಹೇಳುವ ಚಿತ್ರಕಥೆಯನ್ನು ದೊಡ್ಡ ಪ್ರಕಾಶಕರು ತರುವರೆಂದು ಕಾಯುವುದು ವ್ಯರ್ಥ. ಇದಕ್ಕೆ ಲೆಕ್ಕಾಚಾರವೇ ಕಾರಣ. ನಾಲ್ಕು ಬಣ್ಣದ ಆಫ್‌ಸೆಟ್ ಮುದ್ರಣಕ್ಕೆ ನಾಲ್ಕು ಪ್ಲೇಟುಗಳು ಬೇಕು. ಆ ಖರ್ಚು ನೂರು ಪ್ರತಿಗೂ ಒಂದೇ, ಸಾವಿರ ಪ್ರತಿಗೂ ಒಂದೇ. ಹೆಚ್ಚು ಪ್ರತಿ ತೆಗೆದಷ್ಟೂ ಒಂದೊಂದರ ಅಸಲು ಇಳಿಯುತ್ತದೆ. ಕಡಮೆ ತೆಗೆದರೆ ಏರುತ್ತದೆ. ನೂರು ರೂಪಾಯಿ ಮುಖಬೆಲೆಯ ಪುಸ್ತಕದಲ್ಲಿ ಅಂಗಡಿಯವರ ಪಾಲು ಮೂವತ್ತು ರೂಪಾಯಿ ಎಂದಿಟ್ಟುಕೊಳ್ಳಿ. ಕಾಗದ, ಮುದ್ರಣ, ಅಂಚೆಗಳನ್ನು ಕಳೆಯಿರಿ. ತಿಂಗಳುಗಟ್ಟಲೆ ಬೆನ್ನು ಬಾಗಿಸಿ ಗೆರೆ ಎಳೆದವನಿಗೆ ಉಳಿಯುವುದೆಷ್ಟು? ಆದುದರಿಂದ ಸ್ವತಂತ್ರ ವ್ಯಂಗ್ಯಚಿತ್ರಕಾರನು ಮುಂಗಡ ಬೇಡಿಕೆಯನ್ನು ಸಂಗ್ರಹಿಸುತ್ತಾನೆ, ಜಾತ್ರೆ ಸಮ್ಮೇಳನಗಳಲ್ಲಿ ತಾನೇ ಮಳಿಗೆ ಹಾಕುತ್ತಾನೆ, ಶಾಲೆಗಳಿಗೆ ಬರುತ್ತಾನೆ. ಕೆಲವರು ಇದನ್ನು ಕಂಡು, ಕಲಾವಿದನಾದವನು ಹೀಗೆ ತನ್ನ ಸರಕನ್ನು ತಾನೇ ಹೊಗಳಿ ಮಾರುವುದೇ ಎನ್ನುತ್ತಾರೆ. ನಾರಾಯಣಪೇಟೆಯ ನೇಕಾರನು ತಾನು ನೇಯ್ದ ಸೀರೆಯನ್ನು ಹೆಗಲ ಮೇಲೆ ಹೊತ್ತು ತಂದು ಮಡಿಕೆ ಬಿಚ್ಚಿ ತೋರಿಸಿದರೆ ಅದನ್ನು ಅಗೌರವವೆಂದು ನಾವು ತಿಳಿಯುವುದಿಲ್ಲ. ಇದೂ ಹಾಗೆಯೇ.

ಇಂಥ ಪುಸ್ತಕ ಕನ್ನಡದಲ್ಲಿಯೇ ಹುಟ್ಟಬೇಕೆನ್ನುವುದಕ್ಕೆ ಎರಡು ಕಾರಣಗಳುಂಟು. ಮೊದಲನೆಯದು ಲಿಪಿಯದು. ನಮ್ಮ ಒತ್ತಕ್ಷರಗಳು ಸಾಲಿನ ಕೆಳಗೆ ಇಳಿಯುತ್ತವೆ. ಸಾಲಿಗೂ ಸಾಲಿಗೂ ನಡುವೆ ಎಡೆ ಬೇಕು. ಇಂಗ್ಲಿಷಿಗೆಂದು ಬಿಡಿಸಿದ ಮಾತಿನ ಗುಳ್ಳೆಯೊಳಗೆ ಕನ್ನಡವನ್ನು ತುರುಕಿದಾಗ ಅಕ್ಷರಗಳು ಉಸಿರುಗಟ್ಟುತ್ತವೆ. ಆಗತಾನೆ ಓದಲು ಕಲಿತ ಮಗು ಅಲ್ಲಿಯೇ ಎಡವುತ್ತದೆ. ಎರಡನೆಯದು ಇನ್ನೂ ಮುಖ್ಯ. ಪಠ್ಯಪುಸ್ತಕ ಶಿಷ್ಟ ಕನ್ನಡದಲ್ಲಿ ಇರಬೇಕಾದುದು ನ್ಯಾಯವೇ. ಆದರೆ ಮಾತಿನ ಗುಳ್ಳೆಯಲ್ಲಿ ಪಾತ್ರವು ತನ್ನ ಊರಿನ ಮಾತನ್ನೇ ಆಡಬಹುದು. “ಎಲ್ಲಿಗಿ ಹೊಂಟೀಯವ್ವಾ?” ಎಂದು ಅಜ್ಜಿ ಕೇಳಬಹುದು, “ಸಾಲಿಗಿ ಹೊಂಟೀನಬೇ” ಎಂದು ಮೊಮ್ಮಗಳು ಉತ್ತರಿಸಬಹುದು. ತನ್ನ ಮನೆಯ ಮಾತು ಅಚ್ಚಿನಲ್ಲಿ ಕಂಡ ಮಗುವಿಗೆ, ತಾನು ಆಡುವುದು ಕೆಟ್ಟ ಕನ್ನಡವೆಂಬ ಸಂಕೋಚ ಬಿಟ್ಟುಹೋಗುತ್ತದೆ. ಗಡಿಯ ಶಾಲೆಗೆ ಇದಕ್ಕಿಂತ ದೊಡ್ಡ ಲಾಭ ಯಾವುದು?

ಹಿರಿಯರ ಆಕ್ಷೇಪಣೆಗಳಲ್ಲಿ ಹುರುಳಿಲ್ಲವೆಂದು ನಾವು ಹೇಳುವುದಿಲ್ಲ. ಚಿತ್ರವು ಒಂದು ಮುಖವನ್ನು ಕೊಟ್ಟುಬಿಟ್ಟರೆ ಮಗು ಬೇರೆ ಮುಖವನ್ನು ಕಲ್ಪಿಸಿಕೊಳ್ಳದು ಎಂಬುದು ನಿಜ. ಹೆಸರಾಂತ ಚಿತ್ರಕಥೆಗಳಲ್ಲಿಯೂ ನಾಯಕರಿಗೆ ಬಿಳಿಯ ಬಣ್ಣ, ರಾಕ್ಷಸರಿಗೆ ಕಪ್ಪು ಬಣ್ಣ ಹಚ್ಚಿದ್ದನ್ನೂ, ಹೆಣ್ಣುಮಕ್ಕಳಿಗೆ ಮೂಲೆಯ ಜಾಗ ಕೊಟ್ಟಿದ್ದನ್ನೂ ವಿಮರ್ಶಕರು ಎತ್ತಿ ತೋರಿಸಿದ್ದಾರೆ. ಇವುಗಳಿಗೆ ಪರಿಹಾರವು ಪುಸ್ತಕವನ್ನು ದೂರವಿಡುವುದರಲ್ಲಿ ಇಲ್ಲ. ಆರಿಸಿ ಕೊಡುವುದರಲ್ಲಿ, ಓದಿದ ಮೇಲೆ ಮಗುವಿನೊಡನೆ ಮಾತಾಡುವುದರಲ್ಲಿ ಇದೆ. 2011ರಲ್ಲಿ ಪ್ರಧಾನ ಗೊಂಡ ಕಲಾವಿದರಾದ ದುರ್ಗಾಬಾಯಿ ವ್ಯಾಮ್ ಮತ್ತು ಸುಭಾಷ್ ವ್ಯಾಮ್ ದಂಪತಿಗಳು ‘ಭೀಮಾಯನ’ದಲ್ಲಿ ಅಂಬೇಡ್ಕರರ ಜೀವನವನ್ನು ತಮ್ಮ ಬುಡಕಟ್ಟಿನ ಚಿತ್ರಶೈಲಿಯಲ್ಲಿಯೇ ಬಿಡಿಸಿದರು. ಪಾತ್ರಗಳನ್ನು ಚೌಕಟ್ಟುಗಳೊಳಗೆ ಕೂಡಿಹಾಕದೆ ಪುಟವನ್ನು ತೆರೆದ ಬಯಲಾಗಿಸಿದರು. ನೀರಿಗಾಗಿ ಬಾಯಾರಿದ ಬಾಲಕನ ಕಥೆಯನ್ನು ಇಷ್ಟು ಘನತೆಯಿಂದ ಹೇಳಬಲ್ಲ ಪ್ರಕಾರವನ್ನು ಹಗುರವೆಂದು ತಳ್ಳಿಹಾಕುವುದು ಹೇಗೆ?

ಕೊನೆಯದಾಗಿ, ನಾವು ಮಾಡಬೇಕಾದ ಕೆಲಸ. ಸ್ವತಂತ್ರವಾಗಿ ಪ್ರಕಟವಾಗುವ ಕನ್ನಡ ಚಿತ್ರಕಥೆಯೊಂದನ್ನು ಪ್ರತಿವರ್ಷ ಆರಿಸಿ, ಅಚ್ಚಿಗೆ ಹೋಗುವ ಮೊದಲೇ ಮುಂಗಡ ಕೊಟ್ಟು, ಗ್ರಂಥಾಲಯಕ್ಕೂ ಬಹುಮಾನಗಳಿಗೂ ತರಿಸೋಣ. ಕ್ರೀಡೆಯಲ್ಲಿ ಗೆದ್ದ ಮಗುವಿಗೆ ಸ್ಟೀಲಿನ ತಟ್ಟೆಯ ಬದಲು ಒಂದು ಪುಸ್ತಕ ಸಿಗಲಿ. ಹಳೆಯ ವಿದ್ಯಾರ್ಥಿಗಳು ತಲೆಗೆರಡು ಪ್ರತಿಗಳನ್ನು ಕೊಂಡು ಒಂದನ್ನು ಊರಿನ ಮಗುವಿಗೆ ಕೊಟ್ಟರೆ ಒಬ್ಬ ಚಿತ್ರಕಾರನ ಮುದ್ರಣದ ಖರ್ಚಿಗೆ ಆಸರೆಯಾಗುತ್ತದೆ. ಗದ್ವಾಲ, ಮಕ್ತಲಗಳ ನಮ್ಮ ಬಂಧುಗಳು ಅಂಥವರು ಬಂದಾಗ ತಮ್ಮ ಅಂಗಡಿಯ ಮುಂದೆ ಒಂದು ಮೇಜಿನಷ್ಟು ಜಾಗ ಕೊಡಲಿ.

ಮಕ್ಕಳೇ, ನಿಮಗೂ ಒಂದು ಕೆಲಸವುಂಟು. ಒಂದು ಬಿಳಿಯ ಹಾಳೆಯನ್ನು ಮೂರು ಬಾರಿ ಮಡಿಚಿ ಬಿಚ್ಚಿ, ನಡುವೆ ಒಂದು ಸೀಳು ಕೊಟ್ಟು ಮತ್ತೆ ಮಡಿಚಿದರೆ ಎಂಟು ಪುಟದ ಪುಸ್ತಕವಾಗುತ್ತದೆ. ಹಾಳೆಯ ಒಂದೇ ಮಗ್ಗುಲಿಗೆ ಬರೆದರೆ ಸಾಕು. ಜೆರಾಕ್ಸ್ ಅಂಗಡಿಯಲ್ಲಿ ಬೇಕಾದಷ್ಟು ಪ್ರತಿ ತೆಗೆಯಬಹುದು. ಕೃಷ್ಣೆಯ ನಡುಗಡ್ಡೆಯ ಕುರುವಪುರಕ್ಕೆ ಹೋಗುವ ಹರಿಗೋಲು, ಕೃಷ್ಣಾ ಸ್ಟೇಷನ್ನಿನಲ್ಲಿ ನಿಲ್ಲುವ ರೈಲು, ಮನೆಯ ಮಗ್ಗ, ಹೊಲದ ತೊಗರಿ, ಅಜ್ಜಿಯ ಬೈಗುಳ: ಎಲ್ಲವೂ ಕಥೆಯೇ. ಬರೆಯಿರಿ, ಪ್ರತಿ ತೆಗೆಯಿರಿ, ಬೆಲೆ ಕಟ್ಟಿರಿ, ಮಾರಿರಿ. ಮೊದಲ ಪ್ರತಿಗಳನ್ನು ನಿಮ್ಮ ಗುರುಗಳಾದ ನಾವೇ ಕೊಳ್ಳುತ್ತೇವೆ. ಬಿಟ್ಟಿಯಾಗಿ ಅಲ್ಲ, ದುಡ್ಡು ಕೊಟ್ಟು.

ಈ ಶಾಲೆಯನ್ನು ನೂರು ವರ್ಷಗಳ ಹಿಂದೆ ಕಟ್ಟಿದವರು ಕನ್ನಡದ ಅಕ್ಷರವನ್ನು ಮಕ್ಕಳಿಗೆ ಕೊಟ್ಟರು. ಆ ಅಕ್ಷರ ಕೂಡಿಸಿ ಓದಲು ಪುಸ್ತಕಗಳನ್ನು ಒದಗಿಸುವುದು ನಮ್ಮ ಪಾಲಿಗೆ ಬಂದಿದೆ.