ಬೇಕಂತಲೇ ಬಿಟ್ಟ ಒಂದು ಬಾಲ್

ಪುಣೆಯ ನಮ್ಮ ಆಫೀಸಲ್ಲಿ ಒಂದು ಪೂಲ್ ಟೇಬಲ್ ಇದೆ. ನಿಮ್ಮ ಆಫೀಸಲ್ಲೂ ಇರ್ಬಹುದು. ಕ್ಯೂ ತುದಿಯ ಚರ್ಮ ಕಿತ್ತು ಹೋಗಿರುತ್ತೆ, ಒಂದು ಬಾಲ್ ಯಾವಾಗ್ಲೂ ಕಾಣೆ. ಊಟ ಆದ್ಮೇಲೆ ಹತ್ತು ನಿಮಿಷ ಜೋರಾಗಿ ಹೊಡೆದು ಮೀಟಿಂಗಿಗೆ ಓಡ್ತೀವಿ. ನಾನೂ ಅಷ್ಟೇ. ಪಂಕಜ್ ಅಡ್ವಾಣಿ ನಮ್ಮ ಬೆಂಗಳೂರಲ್ಲಿ ಬೆಳೆದವರು ಅಂತ ಹೆಮ್ಮೆ ಪಡ್ತಿದ್ದೆ, ಆದ್ರೆ ಆ ಹೆಮ್ಮೆಗೂ ನನ್ನ ಆಟಕ್ಕೂ ಸಂಬಂಧ ಇರ್ಲಿಲ್ಲ.

2016ರಲ್ಲಿ ಆನ್‌ಸೈಟ್ ಅಂತ ಡಲ್ಲಾಸ್‌ಗೆ ಹೋದೆ. ಮನೆಯವಳ ವೀಸಾ ಇನ್ನೂ ಬಂದಿರ್ಲಿಲ್ಲ. ಸಂಜೆ ರೂಮಿಗೆ ಬಂದ್ರೆ ಫ್ರಿಜ್ಜಿನ ಸದ್ದು ಬಿಟ್ಟು ಬೇರೆ ಏನೂ ಇಲ್ಲ. ಕ್ಲೈಂಟ್ ಕಡೆಯವರೊಬ್ಬರು "ಮಂಗಳವಾರ ರಾತ್ರಿ ನಮ್ಮ ಪೂಲ್ ಟೀಮಿಗೆ ಒಬ್ಬ ಕಡಿಮೆ ಇದ್ದಾನೆ, ಬರ್ತೀಯಾ?" ಅಂದ್ರು. ಹೋದೆ.

ಅದು ಎಪಿಎ, ಅಂದ್ರೆ ಅಮೆರಿಕನ್ ಪೂಲ್‌ಪ್ಲೇಯರ್ಸ್ ಅಸೋಸಿಯೇಷನ್ ಲೀಗ್. ಎಂಟು ಬಾಲಿನ ಆಟ: ಒಬ್ಬರಿಗೆ 1ರಿಂದ 7, ಇನ್ನೊಬ್ಬರಿಗೆ 9ರಿಂದ 15. ನಿಮ್ಮ ಏಳನ್ನೂ ಹಾಕಿ, ಕೊನೆಗೆ ಕಪ್ಪು 8. ಇಷ್ಟು ನಮಗೂ ಗೊತ್ತು. ಗೊತ್ತಿಲ್ಲದ್ದು ಅವರ ಲೆಕ್ಕ. ಪ್ರತಿ ಆಟಗಾರನಿಗೆ 2ರಿಂದ 7ರವರೆಗೆ ಒಂದು ನಂಬರ್. 7ನೇ ಮಟ್ಟದವರು 2ನೇ ಮಟ್ಟದವರ ಎದುರು ಆಡಿದ್ರೆ ಅವರು ಏಳು ಗೇಮ್ ಗೆಲ್ಲಬೇಕು, ಇವರಿಗೆ ಎರಡು ಸಾಕು. ಹಾಗಾಗಿ ರಿಟೈರ್ಡ್ ಅಜ್ಜಿಯೂ ಟ್ರಕ್ ಡ್ರೈವರೂ ಒಂದೇ ಟೇಬಲ್ಲಲ್ಲಿ ನಿಜವಾಗ್ಲೂ ಪೈಪೋಟಿ ಮಾಡ್ತಾರೆ. ಆಗ ಹೊಸ ಗಂಡಸರು ಸಾಮಾನ್ಯವಾಗಿ 4ರಿಂದ ಶುರು ಮಾಡ್ತಿದ್ರು. ನಾನು ಕೆಲವೇ ವಾರದಲ್ಲಿ 3ಕ್ಕೆ ಇಳಿದೆ.

ಇನ್ನೊಂದು ನಿಯಮ ಇದೆ. ಒಂದು ರಾತ್ರಿ ಆಡೋ ಐವರ ನಂಬರ್ ಕೂಡಿಸಿದ್ರೆ 23 ದಾಟಬಾರದು. ನಮ್ಮ ಟೀಮ್ 7, 5, 4, 4, ನಂದು 3. ಕೂಡಿಸಿ ನೋಡಿ. ನಾನು ಒಂದು ಮೆಟ್ಟಿಲು ಏರಿದ್ರೆ ಒಬ್ಬರು ಬೆಂಚಿಗೆ.

ನಾನು ಏರ್ತಾ ಇದ್ದೆ. ಬೇರೇನೂ ಕೆಲಸ ಇಲ್ದಿದ್ರಿಂದ ದಿನಾ ಹೋಗಿ ಪ್ರಾಕ್ಟೀಸ್ ಮಾಡ್ತಿದ್ದೆ. ಪ್ಲೇಆಫ್ ಹತ್ತಿರ ಬಂತು. ಒಂದು ರಾತ್ರಿ ಕ್ಯಾಪ್ಟನ್ ಪಕ್ಕಕ್ಕೆ ಕರೆದು, "ಗೆಲ್ಲು, ಆದ್ರೆ ನಿಧಾನಕ್ಕೆ ಗೆಲ್ಲು" ಅಂದ್ರು. ಗೆಲುವಿಗೆ ಎಷ್ಟು ಇನ್ನಿಂಗ್ಸ್ ತಗೊಂಡ್ರಿ ಅನ್ನೋದರ ಮೇಲೆ ನಂಬರ್ ನಿಲ್ಲುತ್ತೆ. ಇಬ್ಬರದೂ ಒಂದೊಂದು ಸರದಿ ಮುಗಿದ್ರೆ ಒಂದು ಇನ್ನಿಂಗ್ಸ್. ಹೆಚ್ಚು ತಗೊಂಡ್ರೆ ದುರ್ಬಲ ಅಂತ ಲೆಕ್ಕ. ಇದಕ್ಕೆ ಅಲ್ಲಿ ಸ್ಯಾಂಡ್‌ಬ್ಯಾಗಿಂಗ್ ಅಂತಾರೆ. ನನಗೆ ಅದೇನೂ ದೊಡ್ಡ ಪಾಪ ಅನ್ನಿಸ್ಲಿಲ್ಲ. ಎರಡು ದಿನದ ಕೆಲಸಕ್ಕೆ ಐದು ದಿನ ಎಸ್ಟಿಮೇಟ್ ಕೊಡೋರು ನಾವು!

ಆ ರಾತ್ರಿ ಎದುರಿಗೆ 5ನೇ ಮಟ್ಟದ ಹುಡುಗ. ಅವನಿಗೆ ನಾಲ್ಕು ಗೇಮ್ ಬೇಕು, ನನಗೆ ಎರಡು. ಒಂದು ಗೆದ್ದಾಗಿತ್ತು. ಎರಡನೇದರಲ್ಲಿ ನನ್ನ 3 ಪಾಕೆಟ್ ಬಾಯಲ್ಲೇ ಕೂತಿತ್ತು. ಊದಿದ್ರೂ ಬೀಳುತ್ತೆ. ಬಿಳಿ ಬಾಲನ್ನ ಅದರ ಪಕ್ಕಕ್ಕೆ ಸವರಿಸಿ ಬಿಟ್ಟೆ. ತಲೆ ಚಚ್ಚಿಕೊಂಡು ನಾಟಕಾನೂ ಆಡ್ದೆ.

ಎದುರು ಟೀಮಿನ ಸ್ಕೋರ್ ಬರೀತಿದ್ದಿದ್ದು ಎಪ್ಪತ್ತರ ಆಸುಪಾಸಿನ ಒಬ್ಬ ಅಮ್ಮ. ಅವರು ಕನ್ನಡಕದ ಮೇಲಿಂದ ನನ್ನನ್ನ ನೋಡಿದ್ರು. ಬೈಲಿಲ್ಲ, ತಗಾದೆ ತೆಗೀಲಿಲ್ಲ. ನಮ್ಮ ಸ್ಕೋರ್ ಬರೆಯೋನಿಗೆ, "ಡಿಫೆನ್ಸ್. ನೀನೂ ಬರ್ಕೋ" ಅಂದ್ರು.

ಅದರ ಅರ್ಥ ಹೇಳ್ತೀನಿ. ಬಾಲ್ ಹಾಕೋ ಉದ್ದೇಶವೇ ಇಲ್ಲದ ಹೊಡೆತ ಅಂದ್ರೆ ಡಿಫೆನ್ಸ್. ಎದುರಾಳಿಯನ್ನ ಕಷ್ಟಕ್ಕೆ ಸಿಕ್ಕಿಸೋಕೆ ಹಾಗೆ ಆಡೋದು ಪೂರ್ತಿ ಕ್ರಮಬದ್ಧ. ಆದ್ರೆ ಅದಕ್ಕೆ ಗುರುತು ಹಾಕಿ, ಲೆಕ್ಕ ಮಾಡುವಾಗ ಇನ್ನಿಂಗ್ಸ್‌ನಿಂದ ಕಳೀತಾರೆ. ಅಂದ್ರೆ ನಾನು ಕದ್ದ ಇನ್ನಿಂಗ್ಸನ್ನ ಆಯಮ್ಮ ಒಂದು ಪೆನ್ಸಿಲ್ ಗೆರೆಯಲ್ಲಿ ವಾಪಸ್ ಇಸ್ಕೊಂಡ್ರು. ಮೋಸ ಅನ್ನೋ ಪದವನ್ನೇ ಬಳಸ್ಲಿಲ್ಲ. ನನಗೆ ಬೆವರು ಬಂತು. ಮುಂದಿನ ಸರದಿಯಲ್ಲಿ 3 ಹಾಕಿದೆ, ಉಳಿದಿದ್ದ ಎರಡನ್ನೂ ಹಾಕಿದೆ, 8ನ್ನೂ ಹಾಕಿದೆ. ಆಯಮ್ಮ ಎದ್ದು ಬಂದು ಕೈ ಕುಲುಕಿದ್ರು.

ಮುಂದಿನ ವಾರ ನನ್ನ ಹೆಸರಿನ ಮುಂದೆ 4 ಅಂತ ಇತ್ತು. ಕ್ಯಾಪ್ಟನ್ ಮಾತು ಬಿಟ್ರು. ಪ್ಲೇಆಫಲ್ಲಿ ನನ್ನನ್ನ ಕೂರಿಸಿ ಬೇರೊಬ್ಬರನ್ನ ಆಡಿಸಿದ್ರು, ಲೆಕ್ಕದ ಪ್ರಕಾರ ಅದು ಸರಿಯೇ. ನನಗೆ ಸ್ಕೋರ್ ಶೀಟ್ ಕೊಟ್ರು. ಕ್ಯಾಪ್ಟನ್ ತಮ್ಮದೇ ಆಟದಲ್ಲಿ ಒಂದು ನೇರ ಬಾಲ್ ಬಿಟ್ಟು ನನ್ನ ಕಡೆ ನೋಡಿದ್ರು. ನಾನು ಗೆರೆ ಎಳೆದೆ.

ಈಗ ವಾಕಡ್‌ನ ಒಂದು ಪಾರ್ಲರಲ್ಲಿ ನಾವು ಹನ್ನೆರಡು ಜನ ಇದೇ ಲೆಕ್ಕ ಇಟ್ಕೊಂಡು ಗುರುವಾರ ಆಡ್ತೀವಿ. ಅರ್ಧಕ್ಕರ್ಧ ಕನ್ನಡದವರೇ. ಆಡೋಕೆ ಬರದಿದ್ರೂ ಪರವಾಗಿಲ್ಲ, ಸ್ಕೋರ್ ಬರೆಯೋರು ಬೇಕಾಗಿದ್ದಾರೆ.